ಮೂರು ಕೂಗು, ಒಂದು ಬೀಗ

ಮಾರ್ಚ್ 4, ಮಂಗಳವಾರ

ತೆರೆ ಏಳುತ್ತದೆ. ರಂಗದ ನಟ್ಟನಡುವೆ ರಾಜ. ಬಾಯಿಗೆ ಚಿಲಕ.

ಉತ್ಪ್ರೇಕ್ಷೆಯಲ್ಲ. ಇವತ್ತು ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಮ್ಯಾನೇಜರಮ್ಮ ಒಂದು ಕಪ್ಪು ಪೆಟ್ಟಿಗೆ ತಂದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಬೆರಳುದ್ದದ ಎರಡು ಮೈಕು. ಒಂದು ನನಗೆ, ಇನ್ನೊಂದು ಅದು ಕೆಟ್ಟರೆ ಇರಲೆಂದು. ಜೊತೆಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರಗಳ ಹಿಂಡು. ಇನ್ನು ಮೇಲೆ ಪ್ರವಾಸಿಗಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಾರಂತೆ. ನಾನು ಮೈಕನ್ನು ಅಂಗಿಗೆ ಚುಚ್ಚಿಕೊಂಡು ಮೆಲ್ಲಗೆ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಬೇಕಂತೆ. ಮನೆಯಲ್ಲಿ ನಾನು ಹೇಗೆ ಮಾತಾಡುತ್ತೇನೆಂದು ಅವಳಿಗೇನು ಗೊತ್ತು, ಪಾಪ.

ಈಕೆ ಹಳೆಯ ಯಜಮಾನರ ಮಗಳು. ಫ್ರಾಕು ತೊಟ್ಟು ಇದೇ ಬಸ್ಸಿನ ಮೆಟ್ಟಿಲ ಮೇಲೆ ಕುಣಿಯುತ್ತಿದ್ದವಳು ಇವತ್ತು ನನಗೆ ಮಾತು ಕಲಿಸುತ್ತಾಳೆ! ಯಾರಿಗೆ? ನಾಟಕದ ಕಂಪನಿಯಲ್ಲೇ ಹುಟ್ಟಿ, ತೆರೆಯ ಹಗ್ಗ ಹಿಡಿದುಕೊಂಡೇ ಅಂಬೆಗಾಲಿಟ್ಟು, ಮೀಸೆ ಮೂಡುವ ಮೊದಲೇ ಅಂಟಿಸಿದ ಮೀಸೆಯಲ್ಲಿ ರಾಜನಾಗಿ, ಕೊನೆಯ ಬೆಂಚಿನವನ ಎದೆಗೂಡು ನಡುಗಿಸಿದವನಿಗೆ! ಕಂಪನಿ ಮುಚ್ಚಿತು, ಕಿರೀಟ ಗುಜರಿಗೆ ಹೋಯಿತು, ಆದರೆ ಕಂಠ ಹೋಗಲಿಲ್ಲ. ಅದನ್ನೇ ನಂಬಿ ಈ ಅರ್ಧ ದಿನದ ಪ್ರವಾಸಕ್ಕೆ ಸೇರಿದೆ. ಬೆಳಿಗ್ಗೆ ಬೆಟ್ಟದ ನೆತ್ತಿಯ ಕೋಟೆ, ಅಲ್ಲಿಂದ ಅದರ ಬೆನ್ನಿಗೆ ಅಂಟಿಕೊಂಡ ಎರಡು ಹಳ್ಳಿ, ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆ ವಾಪಸ್. ಎಲ್ಲರೂ ನನ್ನನ್ನು ಇಂದಿಗೂ ರಾಜರೇ ಎಂದೇ ಕರೆಯುತ್ತಾರೆ. ಸುಮ್ಮನೆ ಕರೆಯುತ್ತಾರೆಯೇ?

ಪ್ರವಾಸಿಗಳು ದೂರುತ್ತಿದ್ದಾರಂತೆ, ಮಾರ್ಗದರ್ಶಕರು ಕಿರುಚುತ್ತಾರೆ ಅಂತ. ಕಿರುಚುವುದು! ಗುಡುಗು ಕಿರುಚಿತು ಎಂದು ಯಾರಾದರೂ ಹೇಳಿದ್ದುಂಟೇ? ಈ ತಿಂಗಳು ಪರೀಕ್ಷೆ. ಸರಿಹೋಗದಿದ್ದರೆ ಏಪ್ರಿಲಿನಿಂದ ಯಾರೋ ಬಾಡಿಗೆ ದನಿಯವನು ಹೇಳಿದ್ದನ್ನು ಯಂತ್ರದೊಳಗೆ ತುಂಬಿಸಿ ಅದನ್ನೇ ಕೇಳಿಸುವುದು. ಬಸ್ಸಿಗೆ ಡ್ರೈವರ್ ಒಬ್ಬ ಸಾಕು. ರಾಜರು ಮನೆಗೆ.

ಮನೆಗೆ ಬಂದು ಇದೆಲ್ಲವನ್ನೂ ಅಭಿನಯಸಹಿತ ಹೇಳಿದೆ. ನಮ್ಮವಳು ಏನೋ ಗೊಣಗಿ ಅಡುಗೆಮನೆಗೆ ಹೋದಳು. ಇವಳು ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವಳು. ಪಕ್ಕದ ತೆರೆಯ ಸಂದಿಯಲ್ಲಿ ಪುಸ್ತಕ ಹಿಡಿದು ನಿಂತು, ನಟ ಮಾತು ಮರೆತಾಗ ಮುಂದಿನ ಎರಡು ಪದ ಪಿಸುಗುಟ್ಟುವ ಕೆಲಸ. ಮುಂದಿನ ಸಾಲಿನ ಪ್ರೇಕ್ಷಕನಿಗೂ ಕೇಳಬಾರದು, ನಟನಿಗೆ ಮಾತ್ರ ಮುಟ್ಟಬೇಕು. ನಾನು ಒಂದು ಪಾರ್ಟನ್ನೂ ಪೂರ್ತಿ ಬಾಯಿಪಾಠ ಮಾಡಿದವನಲ್ಲ. ಬಾಯಿ ನನ್ನದು, ನೆನಪು ಅವಳದು. ಹಾಗೆಯೇ ಮದುವೆಯೂ ಆಯಿತು. ಈಗ ಅವಳೂ ಬರಬರುತ್ತ ಮಾತು ಕಡಿಮೆ ಮಾಡಿದ್ದಾಳೆ. ವಯಸ್ಸಾದಂತೆ ಹೆಂಗಸರು ಮೌನಕ್ಕೆ ಇಳಿಯುತ್ತಾರೆಂದು ಕಾಣುತ್ತದೆ.

ಮಾರ್ಚ್ 6, ಗುರುವಾರ

ಮೈಕು ಚುಚ್ಚಿಕೊಂಡು ಮೂರನೆಯ ದಿನ. ಮೆಲ್ಲಗೇ ಮಾತಾಡಿದೆ. ಆದರೂ ಕೋಟೆಯ ಹೆಬ್ಬಾಗಿಲಲ್ಲಿ ನಾನು ಬಾಯಿ ತೆರೆದೊಡನೆ ಎಲ್ಲರೂ ಒಟ್ಟಿಗೆ ಕಿವಿಯಿಂದ ಯಂತ್ರ ಕಿತ್ತುಕೊಂಡರು. ಕಳಪೆ ಮಾಲು.

ಬುರುಜಿನ ಕೆಳಗೆ ಒಬ್ಬಾಕೆ ಹತ್ತಿರ ಬಂದು ಏನೋ ಕೇಳಿದಳು. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ, ಆ ಬುರುಜಿನ ಕೆಳಗೆ ಜನ ಕೇಳುವುದು ಯಾವಾಗಲೂ ರಾಣಿಯ ವಿಷಯ. ಹೇಳಿದೆ. ಮುತ್ತಿಗೆ, ದ್ರೋಹ, ಕೊನೆಯ ರಾತ್ರಿ, ಒಂದನ್ನೂ ಬಿಡಲಿಲ್ಲ. ಆಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ತುಟಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಕಥೆ ಮುಗಿದದ್ದೇ ತಡ, ಆವೇಗ ತಡೆಯಲಾರದೆ ಓಡಿಯೇ ಹೋದಳು. ಇಂಥ ಪ್ರೇಕ್ಷಕರು ಇನ್ನೂ ಇದ್ದಾರೆ. ಯಾವ ಬಾಡಿಗೆ ದನಿ ಹೀಗೆ ಕರಗಿಸೀತು?

ವಾಪಸ್ ಬರುವಾಗ ಇದನ್ನು ಡ್ರೈವರ್ ಮೌನಿಗೆ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕ. ಯಾಕೋ ತಿಳಿಯಲಿಲ್ಲ. ಮೌನಿ ಎಂದು ಹೆಸರಿಟ್ಟವನು ನಾನೇ. ಚಿನ್ನದಂಥ ಹುಡುಗ, ದಾರಿಯುದ್ದಕ್ಕೂ ತುಟಿ ಮಾತ್ರ ಅಲುಗುತ್ತಿರುತ್ತದೆ, ಏನೋ ಜಪ ಮಾಡಿಕೊಳ್ಳುತ್ತಾನೆ. ಘಾಟಿಯ ತಿರುವಿನಲ್ಲಿ ಬಸ್ಸು ಓಡಿಸುವವನಿಗೆ ದೈವಭಕ್ತಿ ಇರಬೇಕಾದದ್ದೇ.

ಕೋಟೆಯ ಪಾರಿವಾಳಗಳ ದನಿ ಮಾತ್ರ ಎಲ್ಲಿ ಹೋಯಿತೋ. ಮೊದಲೆಲ್ಲ ಅವುಗಳ ಗುಟುರಿನಲ್ಲಿ ನನ್ನ ಮಾತು ಮುಳುಗುತ್ತಿತ್ತು. ಈಗ ಗೋಡೆಯ ಮೇಲೆ ಸಾಲಾಗಿ ಕೂತಿರುತ್ತವೆ, ಸದ್ದೇ ಇಲ್ಲ. ಹಕ್ಕಿಗಳಿಗೂ ಉತ್ಸಾಹ ಇಂಗಿದೆ.

ಮಾರ್ಚ್ 9, ಭಾನುವಾರ

ರಜೆ. ಗೋಡೆ ಗಡಿಯಾರ ನಿಂತಿದೆಯೆಂದು ಕೀಲಿ ಕೊಡಲು ಸ್ಟೂಲು ಹತ್ತಿದೆ. ನೋಡಿದರೆ ಮುಳ್ಳು ಓಡುತ್ತಲೇ ಇದೆ. ಕೆಟಲಿನ ಸೀಟಿ ಕೆಟ್ಟು ಕೂತಿದೆ, ನೀರು ಪೂರ್ತಿ ಇಂಗಿ ತಳ ಹತ್ತಿತು. ನಮ್ಮವಳು ಬಂದು ಒಲೆ ಆರಿಸಿ ನನ್ನನ್ನೇ ದಿಟ್ಟಿಸಿ ನೋಡಿದಳು. ಸೀಟಿ ಕೆಟ್ಟದ್ದಕ್ಕೆ ನಾನೇನು ಮಾಡಲಿ?

ಇಷ್ಟು ವರ್ಷ ಆಯಿತು, ಒಂದು ದಿನವಾದರೂ ಇವಳು ನಿಮ್ಮ ಕೋಟೆ ಹೇಗಿದೆ ಎಂದು ಕೇಳಿದವಳಲ್ಲ. ನನ್ನನ್ನೂ ಕರೆದುಕೊಂಡು ಹೋಗಿ ಅಂದವಳಲ್ಲ. ನಟನ ಹೆಂಡತಿಗೆ ನಟನ ಮೇಲೆ ಇಷ್ಟು ನಿರ್ಲಿಪ್ತತೆ.

ಮಾರ್ಚ್ 12, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಕೋಟೆಯ ಹೊಟ್ಟೆಯೊಳಗೆ ಒಂದು ನೀರಿನ ಕೊಳವಿದೆ. ಮುತ್ತಿಗೆಯ ಕಾಲಕ್ಕೆಂದು ಕಟ್ಟಿದ ನೆಲಮಾಳಿಗೆ, ಕಂಬಗಳ ಕಾಡು, ಇಳಿಯಲು ಕಡಿದಾದ ಮೆಟ್ಟಿಲು. ಅಲ್ಲಿ ನಾನು ಸೇರುವ ಮೊದಲಿನಿಂದಲೂ ಒಂದು ಪದ್ಧತಿ. ಎಲ್ಲರನ್ನೂ ಮೇಲೆ ಕಳಿಸಿ ಮಾರ್ಗದರ್ಶಕ ಕೊನೆಗೆ ಹತ್ತುತ್ತಾನೆ. ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ಮುಖಮಾಡಿ, ಒಳಗೆ ಯಾರಾದರೂ ಇದ್ದೀರಾ ಎಂದು ಮೂರು ಸಲ ಕೂಗುತ್ತಾನೆ. ಪ್ರತಿ ಕೂಗಿಗೂ ನಿಂತು ಕೇಳುತ್ತಾನೆ. ಉತ್ತರ ಬರದಿದ್ದರೆ ‘ಖಾಲಿ’ ಎನ್ನುತ್ತಾನೆ. ಓಣಿಯ ಆ ತುದಿಯಲ್ಲಿ ಕಾದಿರುವ ಬೀಗದವನು ದೀಪ ಆರಿಸಿ ಬಾಗಿಲಿಗೆ ಬೀಗ ಜಡಿಯುತ್ತಾನೆ. ಅವನು ಒಳಗೆ ಇಣುಕುವುದಿಲ್ಲ. ನನ್ನ ಮಾತನ್ನೇ ನಂಬುತ್ತಾನೆ.

ಇವತ್ತೂ ಕೂಗಿದೆ. ಆಹಾ, ಹೇಗೆ ಕೂಗಿದೆ! ಕೊಳದ ನೀರು ಅಲುಗಿರಬೇಕು. ನಿಂತೆ, ಕಾದೆ. ಸದ್ದಿಲ್ಲ. ಮೂರನೆಯದಕ್ಕೂ ಇಲ್ಲ. ಖಾಲಿ ಎಂದೆ. ಬೀಗ ಬಿತ್ತು.

ಮೊದಲ ಹಳ್ಳಿಯಲ್ಲಿ ಬಸ್ಸಿನಿಂದ ಎಲ್ಲರೂ ಇಳಿದರು. ಮೌನಿ ನನ್ನ ತೋಳು ಜಗ್ಗಿ ಒಂದು ಸೀಟು ತೋರಿಸಿದ. ಸೀಟಿನ ಮೇಲೆ ಒಂದು ಕೈಚೀಲ ಮಾತ್ರ ಇತ್ತು. ಬೆಳಿಗ್ಗೆ ಅಲ್ಲಿ ಹಸಿರು ಶಾಲು ಹೊದ್ದ ಒಬ್ಬ ಅಜ್ಜಿ ಕೂತಿದ್ದರು.

ಬಸ್ಸನ್ನು ಅಲ್ಲೇ ತಿರುಗಿಸಿ ಹಿಂದಕ್ಕೆ ಓಡಿಸಿದ. ಆ ಏರು ಅಷ್ಟು ಉದ್ದವಿದೆಯೆಂದು ನನಗೆ ಇದುವರೆಗೆ ತಿಳಿದಿರಲಿಲ್ಲ. ಬೀಗದವನು ಬೀಗದ ಕೈಗಾಗಿ ತಡಕಾಡಿದ. ಬಾಗಿಲು ತೆರೆದಾಗ ಅಜ್ಜಿ ಮೆಟ್ಟಿಲ ಮೇಲೆ, ಗೋಡೆಗೆ ಭುಜ ಕೊಟ್ಟು, ಕತ್ತಲಲ್ಲಿ ನೆಟ್ಟಗೆ ಕೂತಿದ್ದರು. ಬೂಟಿನೊಳಗೆ ಸೇರಿದ ಕಲ್ಲು ತೆಗೆಯಲು ಕಂಬದ ಹಿಂದೆ ಕೂತವರು ಹಿಂದೆ ಉಳಿದರಂತೆ. ಅಳಲಿಲ್ಲ, ಬೈಯಲಿಲ್ಲ. ಮೇಲೆ ಬಂದು ನನ್ನ ತೋಳು ಹಿಡಿದು, ಮುಖಕ್ಕೆ ಮುಖ ತಂದು ಹೇಳಿದರು:

“ಮೂರು ಸಲವೂ ಇದ್ದೀನಪ್ಪಾ ಅಂದೆ. ಆಮೇಲೆ ನೀವು ಖಾಲಿ ಅಂದ್ರಿ.”

ಯಂತ್ರ ಅವರ ಕಿವಿಯಲ್ಲೇ ಇತ್ತು. ಬೀಗ ಬಿದ್ದ ಮೇಲೂ ನನ್ನ ದನಿ ಅದರಲ್ಲಿ ಬರುತ್ತಿತ್ತಂತೆ. ಬನ್ನಿ ಬನ್ನಿ, ಮುಂದೆ ಹಳ್ಳಿಗಳಿವೆ, ಅನ್ನುತ್ತ ದೂರವಾಗಿ ದೂರವಾಗಿ ನಿಂತುಹೋಯಿತಂತೆ.

ಮಾರ್ಚ್ 13, ಗುರುವಾರ

ಕೊಳದ ಗೋಡೆಗಳು ದನಿಯನ್ನು ನುಂಗುತ್ತವೆ. ಅಷ್ಟೇ. ಅವರು ಮೆಲ್ಲಗೆ ಅಂದಿರಬೇಕು.

ಮಾರ್ಚ್ 15, ಶನಿವಾರ

ಮ್ಯಾನೇಜರಮ್ಮ ಮನೆಗೇ ಬಂದಳು. ಚಹಾದ ಲೋಟ ಮುಟ್ಟಲಿಲ್ಲ. ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಸದ್ಯಕ್ಕೆ ಕೆಲಸಕ್ಕೆ ಬರುವುದು ಬೇಡ. ಅಜ್ಜಿ ದೂರು ಕೊಟ್ಟಿಲ್ಲ, ಆದರೆ ಅವರು ಕೊಡಲಿಲ್ಲ ಎಂಬುದೇ ತನ್ನ ನಿದ್ದೆ ಕೆಡಿಸಿದೆ. ಮೊದಲು ಕಿವಿ ತೋರಿಸಿಕೊಂಡು ಬನ್ನಿ.

ಕಿವಿ! ಎದ್ದು ನಿಂತೆ. ನನ್ನ ಕಿವಿಯ ಬಗ್ಗೆ ಒಂದು ದೀರ್ಘ ಭಾಷಣವನ್ನೇ ಮಾಡಿದೆ. ತೆರೆಯ ಹಿಂದೆ ಗೆಜ್ಜೆಯ ಒಂದು ಕಾಳು ಉದುರಿದರೆ ಯಾವ ಪಾತ್ರಧಾರಿಯದೆಂದು ಹೇಳುತ್ತಿದ್ದ ಕಿವಿ ಇದು, ಇತ್ಯಾದಿ. ಮುಗಿಸಿ ನೋಡಿದರೆ ಅವಳು ನನ್ನ ಕಡೆ ನೋಡುತ್ತಲೇ ಇಲ್ಲ. ನಮ್ಮವಳೂ ಅವಳೂ ಬಾಗಿಲ ಬಳಿ ನಿಂತು ಮಾತಾಡುತ್ತಿದ್ದಾರೆ. ಬಹಳ ಹೊತ್ತು ಮಾತಾಡಿದರು. ನಮ್ಮವಳ ಕೈ, ಹುಬ್ಬು ಎಲ್ಲ ಆಡುತ್ತಿದ್ದವು. ಮೌನಕ್ಕೆ ಇಳಿದವಳು ಅಂದುಕೊಂಡಿದ್ದೆನಲ್ಲ, ಇವಳಿಗೆ ಇಷ್ಟು ಮಾತು ಎಲ್ಲಿಂದ ಬಂತು?

ಅವರ ತುಟಿಗಳನ್ನೇ ನೋಡುತ್ತ ಕೂತೆ. ಟಿಕೆಟ್ಟಿಲ್ಲದೆ ಟೆಂಟಿನ ಹೊರಗೆ ನಿಂತು, ಬಟ್ಟೆಯ ಮೇಲೆ ಬೀಳುವ ನೆರಳು ನೋಡುವವನ ಹಾಗೆ.

ಮಾರ್ಚ್ 18, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ.

ಬಸ್ಸು ನಿಲ್ಲುವುದು ನಮ್ಮ ಬೀದಿಯ ತುದಿಯಲ್ಲೇ. ಹಾಗಾಗಿ ನಾನು ಕೆಲಸಕ್ಕೆ ಹೋಗದಿದ್ದರೂ ಯಂತ್ರದ ಪೆಟ್ಟಿಗೆ ಚಾರ್ಜಿಗೆ ನಮ್ಮ ಮನೆಗೇ ಬರುತ್ತದೆ. ಊಟವಾದ ಮೇಲೆ ನಮ್ಮವಳು ಟೇಬಲ್ಲಿನ ಮೇಲೆ ಅವನ್ನೆಲ್ಲ ಹರಡಿಕೊಂಡು, ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದೊಂದನ್ನೇ ಒರೆಸುತ್ತಿದ್ದಳು. ನಾನು ಕಿಟಕಿಯ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಬಂದು ಒಂದನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಕೆಲಸ ಮಾಡುತ್ತದೆಯೋ ನೋಡಿ ಎಂದು ಕೈಸನ್ನೆ ಮಾಡಿ, ಮೈಕು ಹಿಡಿದು ಅಡುಗೆಮನೆಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು.

ಕಿವಿಯೊಳಗೆ ಎರಡೇ ಪದ. ಪಿಸುಮಾತಿನಲ್ಲಿ.

“ಎಲೈ ಕತ್ತಲೆಯೇ…”

ನಾನು ಎದ್ದು ನಿಂತಿದ್ದೆ. ನನಗೆ ತಿಳಿಯುವ ಮೊದಲೇ ಬಲಗೈ ಮೇಲೆದ್ದಿತ್ತು, ಎಡಗಾಲು ಮುಂದೆ ಹೋಗಿತ್ತು. ಎಲೈ ಕತ್ತಲೆಯೇ, ನನ್ನ ಅರಮನೆಯ ದೀಪಗಳನ್ನು ನುಂಗಿದೆ, ಸರಿ. ನನ್ನ ಸೈನ್ಯದ ಪಂಜುಗಳನ್ನು ನುಂಗಿದೆ, ಸರಿ… ಅಲ್ಲಿ ನಿಂತೆ. ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದವನು. ಸರಿಯಾದ ಗಳಿಗೆಗೆ, ಒಂದು ಉಸಿರು ಮೊದಲೂ ಅಲ್ಲ, ಆಮೇಲೂ ಅಲ್ಲ, ಕಿವಿಯಲ್ಲಿ ಬಂತು: “ಆದರೆ ನನ್ನ…” ಆದರೆ ನನ್ನ ಹೆಸರು ಹಿಡಿದು ಕರೆಯುವ ಒಂದು ದನಿಯನ್ನು ನುಂಗಲಾರೆ!

ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಆದರೆ ದನಿ ನನ್ನ ಕೆನ್ನೆಯ ಪಕ್ಕದಲ್ಲೇ ಇತ್ತು. ಈ ದನಿ ಎಷ್ಟು ಕಾಲದಿಂದ ಎಲ್ಲಿ ಹೋಗಿತ್ತು?

ಯಂತ್ರ ತೆಗೆದೆ. ಅವಳು ತಿರುಗಿದಳು, ತುಟಿ ಅಲುಗುತ್ತಿದೆ, ಏನೂ ಇಲ್ಲ. ಹಾಕಿಕೊಂಡೆ, ದನಿ. ತೆಗೆದೆ, ಇಲ್ಲ. ಎಷ್ಟು ಸಲ ಹಾಗೆ ಮಾಡಿದೆನೋ. ಅವಳು ತಾಳ್ಮೆಯಿಂದ ಮಾತಾಡುತ್ತಲೇ ಇದ್ದಳು.

“ಏನಂದೆ?” ಎಂದೆ.

“ಮೊನ್ನೆ ಹೇಳಿದ್ದೇ. ನನಗೂ ಒಂದ್ಸಲ ಆ ಕೋಟೆ ತೋರಿಸ್ರೀ ಅಂತ.”

“ನೀನು ಯಾವತ್ತು ಕೇಳಿದೆ?”

“ಕೇಳ್ತಾನೇ ಬಂದಿದ್ದೀನಿ. ನೀವು ಹೂಂ ಹೂಂ ಅಂತೀರಿ. ಮೊದಮೊದಲು ನಿಮಗೆ ಮನಸ್ಸಿಲ್ಲ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಕಿವಿ ಅಂತ.”

“ಗೊತ್ತಾದ ಮೇಲೆ ಹೇಳಬೇಕಿತ್ತು.”

“ಹೇಳಿದೆ. ಅದೂ ಕೇಳಿಸಲಿಲ್ಲ.”

ನಗು ಬಂತು. ಇಬ್ಬರೂ ನಕ್ಕೆವು. ಅವಳ ನಗುವಿನ ಕೊನೆಗೆ ಒಂದು ಸಣ್ಣ ಬಿಕ್ಕಳಿಕೆಯಂಥ ಸದ್ದಿದೆ, ಅದನ್ನು ಮರೆತೇಬಿಟ್ಟಿದ್ದೆ. ಆಮೇಲೆ ಹಸಿರು ಶಾಲಿನವರ ನೆನಪಾಯಿತು. ಮೂರು ಸಲವೂ ಇದ್ದೀನಪ್ಪಾ ಅಂದೆ. ನಗು ನಿಂತಿತು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಪೆಟ್ಟಿಗೆ ಒಯ್ಯಲು ಮೌನಿ ಬಂದ. ನಮ್ಮವಳು ಮೈಕನ್ನು ಅವನ ಕಾಲರಿಗೆ ಚುಚ್ಚಿದಳು, ಯಂತ್ರ ನನ್ನ ಕಿವಿಗೆ.

“ಕೇಳಿಸ್ತಾ ರಾಜರೇ? ಹಾಗಾದ್ರೆ ಆ ಮೇಕೆ ಕಥೆ ಮತ್ತೆ ಹೇಳ್ಲಾ?”

“ಯಾವ ಮೇಕೆ?”

“ಅಯ್ಯೋ, ಎರಡನೇ ಹಳ್ಳೀಲಿ ಬಸ್ಸೊಳಗೆ ಹತ್ತಿ ನಿಮ್ಮ ಸೀಟಲ್ಲಿ ಕೂತಿದ್ದು. ಹೋದ ವರ್ಷದಿಂದ ಹೇಳ್ತಾನೇ ಇದ್ದೀನಲ್ಲ.”

ಆಮೇಲೆ ಅವನು ನಿಲ್ಲಿಸಲಿಲ್ಲ. ಮೇಕೆ ಮುಗಿದು ಅವನ ಭಾವ, ಭಾವ ಮುಗಿದು ಬ್ರೇಕು, ನಡುವೆ ಒಂದು ಹಾಡು. ಬುರುಜಿನ ಕೆಳಗೆ ಕಣ್ಣೀರಿಟ್ಟ ಆ ಹೆಂಗಸು ನಿಜವಾಗಿ ಕೇಳಿದ್ದೇನೆಂಬುದನ್ನೂ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೋಟೆಯ ಶೌಚಾಲಯ ಬುರುಜಿನ ಹಿಂದೆಯೇ ಇದೆ ಎಂದಷ್ಟೇ ಬರೆಯುತ್ತೇನೆ.

ಅವನಿಗೆ ಮೌನಿ ಎಂದು ಹೆಸರಿಟ್ಟಾಗ ಇಡೀ ಆಫೀಸು ಯಾಕೆ ನಕ್ಕಿತ್ತೆಂದು ಇವತ್ತು ತಿಳಿಯಿತು.

ಮಾರ್ಚ್ 21, ಶುಕ್ರವಾರ

ಕಿವಿಯ ಡಾಕ್ಟರು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಬಹಳ ಹೊತ್ತು ಕೈ ಎತ್ತುವ ಸಂದರ್ಭವೇ ಬರಲಿಲ್ಲ. ಗಾಜಿನ ಆಚೆ ನಮ್ಮವಳು ಕೂತಿದ್ದಳು, ಮುಖ ನೋಡಿದರೆ ಸದ್ದು ಬರುತ್ತಿದೆಯೆಂದು ಗೊತ್ತಾಗುತ್ತಿತ್ತು. ಅವಳ ಮುಖ ನೋಡಿ ಕೈ ಎತ್ತಬಹುದಿತ್ತು. ನಾಟಕದವನಿಗೆ ಅದೆಷ್ಟರ ಕೆಲಸ. ಎತ್ತಲಿಲ್ಲ.

ಎರಡೂ ಕಿವಿಗೆ ಸಾಧನ ಬೇಕು. ಅಳತೆ ತೆಗೆದುಕೊಂಡರು. ಬರಲು ಕೆಲವು ವಾರ.

ಮಾರ್ಚ್ 24, ಸೋಮವಾರ

ಮ್ಯಾನೇಜರಮ್ಮನ ಆಫೀಸಿಗೆ ಇಬ್ಬರೂ ಹೋದೆವು, ಯಂತ್ರ ನನ್ನ ಕಿವಿಯಲ್ಲಿ, ಮೈಕು ನಮ್ಮವಳ ಸೆರಗಿನಲ್ಲಿ. ಡಾಕ್ಟರ ಚೀಟಿ ಅವಳ ಮುಂದಿಟ್ಟು, ಕಿವಿ ಕೇಳುವುದಿಲ್ಲ ಎಂದೆ. ಎಷ್ಟು ಸಣ್ಣ ವಾಕ್ಯ, ಇದಕ್ಕೆ ಭಾಷಣ ಬೇಕಾಗಲಿಲ್ಲ.

ಉಪಾಯ ನಮ್ಮವಳದು. ಎರಡು ಮೈಕುಗಳಿಗೂ ಬೇರೆ ಬೇರೆ ದಾರಿ, ಯಂತ್ರದ ಗುಂಡಿ ಯಾವ ದಾರಿಗಿದೆಯೋ ಆ ಮೈಕಿನದಷ್ಟೇ ಕೇಳುತ್ತದೆ. ನನ್ನ ಮೈಕು ಪ್ರವಾಸಿಗಳಿಗೆ. ಎರಡನೆಯದು ನಮ್ಮವಳ ಕೈಯಲ್ಲಿ, ಅದು ನನ್ನೊಬ್ಬನ ಕಿವಿಗೆ. ಅವಳು ಪ್ರವಾಸಿಗಳ ನಡುವೆ ನಡೆಯುತ್ತಾಳೆ. ಅವರು ಕೇಳಿದ್ದನ್ನು ನನಗೆ ಪಿಸುಗುಟ್ಟುತ್ತಾಳೆ. ನನ್ನ ದನಿ ಏರಿದರೆ ಅದನ್ನೂ ಹೇಳುತ್ತಾಳೆ. ಕಿವಿಯ ಸಾಧನ ಬರುವವರೆಗೆ. ಹಳೆಯ ಕಸುಬು, ಹೊಸ ತೆರೆ.

ಮ್ಯಾನೇಜರಮ್ಮ ಪೆನ್ನನ್ನು ಟೇಬಲ್ಲಿಗೆ ಕುಟ್ಟುತ್ತ ಯೋಚಿಸಿದಳು. ನಮ್ಮವಳ ಕಡೆ ತಿರುಗಿ ಏನೋ ಅಂದಳು. ಕೂಡಲೇ ಕಿವಿಯಲ್ಲಿ ಬಂತು: “ಶನಿವಾರ ಅವಳೇ ಬರ್ತಾಳಂತೆ ನೋಡೋಕೆ. ಅವತ್ತು ಸರಿ ಹೋಗದಿದ್ರೆ ಬಾಡಿಗೆ ದನೀನೇ ಅಂತೆ. ಗದರಬೇಡಿ, ತಲೆ ಆಡಿಸಿ ಸಾಕು.”

ತಲೆ ಆಡಿಸಿದೆ.

ಮಾರ್ಚ್ 26, ಬುಧವಾರ

ತಾಲೀಮು. ಅವಳು ಅಡುಗೆಮನೆಯಲ್ಲಿ, ನಾನು ಕಿಟಕಿಯ ಬಳಿ. ಹೆಬ್ಬಾಗಿಲಿನ ಕಥೆ ಶುರು ಮಾಡಿದೆ. ಜೋರಾಯ್ತು ಅಂದಳು. ಇಳಿಸಿದೆ. ಇನ್ನೂ ಜೋರು. ಕೊನೆಗೆ ಎದುರಿಗೆ ಬಂದು ಕೂತು, ಯಾರೋ ಇಷ್ಟು ಜನ ಅಂತ ಮರೆತುಬಿಡಿ, ಒಬ್ಬರಿಗೇ ಹೇಳಿ ಅಂದಳು. ಒಬ್ಬರಿಗೆ ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅವಳಿಗೇ ಹೇಳಿದೆ. ಕೋಟೆ ಹೇಗಿದೆ, ಹೆಬ್ಬಾಗಿಲಿನ ಕಬ್ಬಿಣದ ಮುಳ್ಳು ಎಷ್ಟು ಉದ್ದ, ಕೊಳದ ಗಾಳಿ ಎಷ್ಟು ತಂಪು. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕಾಳು ಆರಿಸುತ್ತಿದ್ದವಳು ಕಾಳು ಮರೆತಳು.

ಮಾರ್ಚ್ 29, ಶನಿವಾರ

ನಾಟಕದವನು ಕೊನೆಯ ದೃಶ್ಯವನ್ನು ಮೊದಲು ಆಡುವುದಿಲ್ಲ. ಆದ್ದರಿಂದ ಇವತ್ತಿನದರಲ್ಲಿ ಕೊಳದ ಭಾಗವನ್ನು ಕೊನೆಗಿಟ್ಟು, ಉಳಿದದ್ದನ್ನು ಮೊದಲು ಬರೆಯುತ್ತೇನೆ.

ನಮ್ಮವಳು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಳು. ಒಳ್ಳೆಯ ಸೀರೆ, ಹೆರಳಿಗೆ ಎಣ್ಣೆ, ಮದುವೆಗೆ ಹೊರಟ ಹಾಗೆ. ಮ್ಯಾನೇಜರಮ್ಮ ಮೌನಿಯ ಹಿಂದೆ. ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರು ಹತ್ತಿದರು. ಹಸಿರು ಶಾಲು.

ನನ್ನ ಕಾಲು ಅಲ್ಲೇ ನಿಂತಿತು. ಅಜ್ಜಿ ಮುಂದಿನ ಸೀಟಿನಲ್ಲಿ ಕೈಚೀಲ ಇಟ್ಟುಕೊಂಡು ಕೂತು ಏನೋ ಹೇಳಿದರು. ಕಿವಿಯಲ್ಲಿ ಬಂತು: “ಅವತ್ತು ಹಳ್ಳಿಗಳನ್ನ ನೋಡೋದು ಬಾಕಿ ಉಳೀತಂತೆ. ಅದಕ್ಕೆ ಬಂದಿದ್ದಾರೆ. ಕ್ಷಮೆ ಕೇಳಿ. ಸಣ್ಣದಾಗಿ.” ಕೇಳಿದೆ. ಕೈಮುಗಿದು, ಎರಡೇ ಮಾತು. ಅವರು ನನ್ನ ಮುಗಿದ ಕೈಯನ್ನು ತಟ್ಟಿ, ಕಿಟಕಿಯ ಕಡೆ ತಿರುಗಿದರು.

ಹೆಬ್ಬಾಗಿಲಲ್ಲಿ ನಾನು ಬಾಯಿ ತೆರೆದಾಗ ಯಾರೂ ಯಂತ್ರ ಕಿತ್ತುಕೊಳ್ಳಲಿಲ್ಲ. ಕೊನೆಯ ಸಾಲಿನಲ್ಲಿ ನಮ್ಮವಳು ನಿಂತಿದ್ದಳು, ಅವಳಿಗೇ ಹೇಳಿದೆ. ಜನ ಹತ್ತಿರ ಸರಿದು ಬಂದರು. ಇಷ್ಟು ವರ್ಷ ನಾನು ಮಾತಾಡಿದಾಗ ಜನ ಹಿಂದೆ ಸರಿಯುತ್ತಿದ್ದರು. ಅದು ಗೌರವವೆಂದು ತಿಳಿದಿದ್ದೆ.

ಜನ ಕೇಳುವುದು ಅದೇ ನಾಲ್ಕು ಪ್ರಶ್ನೆಯೆಂದು ಯಾರು ಹೇಳಿದರು? ಒಬ್ಬ ಮುದುಕ ಈ ಕಲ್ಲುಗಳನ್ನು ಬೆಟ್ಟದ ಮೇಲೆ ಹೊತ್ತವರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿದ. ಒಂದು ಮಗು ರಾಣಿಗೆ ಚಳಿಯಾಗುತ್ತಿರಲಿಲ್ಲವೇ ಅಂದಿತು. ಬುರುಜಿನ ಕೆಳಗೆ ಒಬ್ಬರು ಶೌಚಾಲಯ ಕೇಳಿದರು, ಕಥೆಯನ್ನು ಅಲ್ಲೇ ತಡೆದು ದಾರಿ ತೋರಿಸಿದೆ. ಕಲ್ಲು ಹೊತ್ತವರ ಬಗ್ಗೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಆಗ ಬೀಗದವನು ಮುಂದೆ ಬಂದು, ಉತ್ತರದ ಗೋಡೆಯ ಬುಡದಲ್ಲಿ ಮಸಿ ಹಿಡಿದ ಗೂಡುಗಳಿವೆ, ಒಲೆ ಹೂಡಿದ ಗುರುತು ಎಂದ. ಎಲ್ಲರೂ ಹೋಗಿ ನೋಡಿದೆವು. ದಿನಾ ಅದರ ಪಕ್ಕದಲ್ಲೇ ಓಡಾಡಿದವನು ನಾನು.

ಮೊದಲ ಹಳ್ಳಿ. ಕಲ್ಲಿನ ಕಟ್ಟೆಯ ಮೇಲೆ ಕೂತು ಉಣ್ಣೆಯ ಕಾಲುಚೀಲ ಹೆಣೆಯುವ ಹೆಂಗಸೊಬ್ಬಳಿದ್ದಾಳೆ. ನಾನು ಎಂದಿನಂತೆ ಗತ್ತಿನಿಂದ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಕಿವಿಯಲ್ಲಿ ಬಂತು: “ನಿಲ್ರೀ. ಊಟ ಆಯ್ತಾ ಅಣ್ಣಾ ಅಂತ ಕೇಳ್ತಿದ್ದಾಳೆ.” ನಿಂತೆ. ಇನ್ನೂ ಇಲ್ಲ ತಂಗಿ, ಊರಿಗೆ ಹೋಗಿ ಮಾಡಬೇಕು, ಅಂದೆ. ಅವಳ ಸೂಜಿ ನಿಂತುಹೋಯಿತು. ಆಮೇಲೆ ನಕ್ಕಳು. ನಮ್ಮವಳ ಮೈಕಿಗೆ ಬಾಗಿ ಮೌನಿ ಹೇಳಿದ, ರಾಜರಿಗೆ ಬಹಳ ಜಂಬ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದವಳು, ಇನ್ನು ಏನು ಹೇಳುತ್ತಾಳೋ.

ಎರಡನೆಯ ಹಳ್ಳಿಯ ತುದಿಯಲ್ಲಿ ಕಣಿವೆ ಪೂರ್ತಿ ಕಾಣುವ ಜಾಗವಿದೆ. ನಾನು ಸದಾ ಗಂಟಲು ಬಿಚ್ಚಿ ಕೊನೆಯ ಭಾಷಣ ಮಾಡುತ್ತಿದ್ದುದು ಅಲ್ಲೇ. ಇವತ್ತು ಆಡಲಿಲ್ಲ. ಎಲ್ಲರೂ ಸುಮ್ಮನೆ ನಿಂತು ನೋಡಿದರು. ನಮ್ಮವಳು ಮೈಕನ್ನು ಮೇಲಕ್ಕೆತ್ತಿ ಗಾಳಿಗೆ ಹಿಡಿದಳು. ಕೆಳಗೆಲ್ಲೋ ಒಂದು ಮೇಕೆಯ ಕೊರಳ ಗಂಟೆ, ಅದರ ಮೇಲೆ ಒಂದು ಹಕ್ಕಿ. ಅವು ಎಲ್ಲಿಗೂ ಹೋಗಿರಲಿಲ್ಲ.

ಊರು ಮುಟ್ಟಿದಾಗ ಮ್ಯಾನೇಜರಮ್ಮ ಕೊನೆಗೆ ಇಳಿದಳು. ನನ್ನ ಎದುರಿಗೆ ನಿಂತು, ತುಟಿ ಕಾಣುವ ಹಾಗೆ, ಆದರೆ ಮೆಲ್ಲಗೆ ಹೇಳಿದಳು. ಬಾಡಿಗೆ ದನಿಯವನಿಗೆ ಬೇಡ ಎಂದು ತಿಳಿಸುತ್ತಾಳಂತೆ. ಸೋಮವಾರದಿಂದ ಇಬ್ಬರೂ ಬನ್ನಿ. ಕಿವಿಯ ಸಾಧನ ಬಂದ ಮೇಲೂ ಅಮ್ಮ ಬರಲಿ, ಜನ ನಿಮಗಿಂತ ಅವರನ್ನೇ ಹೆಚ್ಚು ಕೇಳುತ್ತಿದ್ದರು. ನಾನು ನಮ್ಮವಳ ಕಡೆ ನೋಡಿದೆ. ಪ್ರಾಂಪ್ಟ್ ಮಾಡುವ ಗೋಜಿಗೆ ಹೋಗದೆ ಅವಳು ನಗುತ್ತಿದ್ದಳು.

ಇನ್ನು ಕೊಳ.

ಎಲ್ಲರನ್ನೂ ಮೇಲೆ ಕಳಿಸಿದೆ. ಹಸಿರು ಶಾಲಿನವರು ಎಲ್ಲರಿಗಿಂತ ಮೊದಲು ಹತ್ತಿ, ಹೊರಗೆ ನಿಂತು ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರಮ್ಮನೂ ನೋಡುತ್ತಿದ್ದಳು. ಬೀಗದವನ ಕೈಯಲ್ಲಿ ಬೀಗ. ನಾನು ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ಮುಖಮಾಡಿದೆ.

ಒಳಗೆ ಯಾರಾದರೂ ಇದ್ದೀರಾ? ನಿಂತೆ. ಇಲ್ಲ.

ಒಳಗೆ ಯಾರಾದರೂ ಇದ್ದೀರಾ? ಈ ಸಲ ಬಹಳ ಹೊತ್ತು ನಿಂತೆ. ನೀರಿಗೆ ಹನಿ ಬೀಳುವ ಸದ್ದು ಯಂತ್ರದಲ್ಲಿ ಬರುತ್ತಿತ್ತು. ಆ ಸದ್ದು ಯಾರ ಕೈಯ ಮೈಕಿನಿಂದ ಬರುತ್ತಿದೆಯೆಂದು ಆಗ ಹೊಳೆಯಿತು. ಹೊರಗಿನವರಲ್ಲಿ ನಮ್ಮವಳು ಇರಲಿಲ್ಲ.

ಒಳಗೆ ಯಾರಾದರೂ ಇದ್ದೀರಾ?

“ಇದ್ದೀನಿ ರೀ,” ಎಂದಿತು ಕಿವಿಯ ಪಕ್ಕದಲ್ಲಿ. “ನೀವು ಹೇಳಿದ ಹಾಗೇ ಇದೆ, ಎಷ್ಟು ತಂಪು. ಇನ್ನೊಂದು ಸ್ವಲ್ಪ ನೋಡ್ಕೊಂಡು ಬರ್ತೀನಿ.”

ಬೀಗದವನು ಓಣಿಯ ಆ ತುದಿಯಿಂದ ಕೈ ಎತ್ತಿ, ಖಾಲಿಯೇ ಎಂದು ಸನ್ನೆ ಮಾಡಿದ. ಇಲ್ಲ, ಒಬ್ಬರಿದ್ದಾರೆ, ತಡಿ, ಎಂದೆ. ಅವನು ಅಲ್ಲಿಂದ ನಡೆದು ಬಂದು ನನ್ನ ಬಾಯಿಯ ಹತ್ತಿರ ಕಿವಿ ತಂದ, ಆಮೇಲೆ ಮುಖ ನನ್ನೆದುರಿಗೆ ತಿರುಗಿಸಿ ತುಟಿ ಬಿಡಿಸಿ ಕೇಳಿದ.

“ಏನಂದ್ರಿ ರಾಜರೇ? ಸ್ವಲ್ಪ ಜೋರಾಗಿ ಹೇಳಿ.”

ಪಾಪ, ಅವನಿಗೂ ಕಿವಿ ಮಂದವಾಗುತ್ತಿದೆಯೇನೋ. ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಇನ್ನೊಂದು ಸಲ ಹೇಳಿ, ಮೆಟ್ಟಿಲಿಳಿದು ಹೋದೆ.